ತೋಟಿಯ ಕಾಲು, ಹೋಬಳಿಯ ಕಾಗದ

ಚರಿತ್ರೆ ಬರೆಯುವ ದೊಡ್ಡವರೆಲ್ಲ ರಾಜಧಾನಿಯಲ್ಲೇ ಇಳಿದುಕೊಳ್ಳುತ್ತಾರೆ. ತಲಕಾಡು, ದೋರಸಮುದ್ರ, ಹಂಪಿ, ಶ್ರೀರಂಗಪಟ್ಟಣ. ಅಲ್ಲಿ ಅರಮನೆ ಇದೆ, ಗುಡಿ ಇದೆ, ಶಾಸನ ಇದೆ, ರಾತ್ರಿ ಉಳಿಯೋಕೆ ಲಾಡ್ಜೂ ಇದೆ. ಹೋಬಳಿ ಊರಿನಲ್ಲಿ ಬಸ್ಸಿಳಿಯುವವರು ನಮ್ಮಂಥವರು. ಕಂದಾಯದ ರಸೀದಿ ಕಳಕೊಂಡವನು, ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿ ಬಿದ್ದವನು, ಮಗಳ ಜಾತಿ ಪತ್ರಕ್ಕೆ ಬಂದವಳು, ವಿಧವಾ ವೇತನ ಯಾಕೆ ನಿಂತುಹೋಯ್ತು ಅಂತ ಕೇಳೋಕೆ ಬಂದ ಮುದುಕಿ. ಸರ್ಕಾರ ಅನ್ನೋದು ಹಳ್ಳಿಯವರ ಕಣ್ಣಿಗೆ ಮೊದಲು ಬೀಳೋದೇ ಇಲ್ಲಿ. ಕರ್ನಾಟಕದಲ್ಲಿ ಇಂಥ ಹೋಬಳಿಗಳು ಏಳುನೂರಕ್ಕೂ ಹೆಚ್ಚಿವೆ. ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲಿ ಅವಕ್ಕೆ ಒಂದು ಸಾಲೂ ಇರಲಿಲ್ಲ.

ಸಂತೇಮರಹಳ್ಳಿಯನ್ನೇ ತಗೊಳ್ಳಿ. ಚಾಮರಾಜನಗರ ತಾಲ್ಲೂಕಿನ ಹೋಬಳಿ ಊರು. ಚಾಮರಾಜನಗರದಿಂದ ಕೊಳ್ಳೇಗಾಲದ ಕಡೆ ಹೋಗುವ ರಸ್ತೆಗೆ ತಿರುಮಕೂಡಲು ನರಸೀಪುರದ ಕಡೆಯಿಂದ ಬರುವ ರಸ್ತೆ ಕೂಡುವ ಜಾಗ. ಹೆಸರಿನಲ್ಲೇ ಸಂತೆ ಇದೆ. ಅದೇ ತಾಲ್ಲೂಕಿನಲ್ಲಿ ಉಮ್ಮತ್ತೂರು ಅಂತ ಒಂದೂರಿದೆ. ಅದು ಪಾಳೇಗಾರರ ರಾಜಧಾನಿಯಾಗಿದ್ದ ಊರು. ಅದನ್ನು ಬಗ್ಗಿಸೋಕೆ ಹದಿನಾರನೇ ಶತಮಾನದ ಶುರುವಿನಲ್ಲಿ ಕೃಷ್ಣದೇವರಾಯನೇ ದಂಡೆತ್ತಿ ಬರಬೇಕಾಯ್ತು. ಉಮ್ಮತ್ತೂರಿಗೆ ಪುಸ್ತಕದಲ್ಲಿ ಜಾಗ ಸಿಕ್ಕಿತು, ಸಂತೇಮರಹಳ್ಳಿಗೆ ಕಚೇರಿ ಸಿಕ್ಕಿತು. ದೊರೆಗಳ ಊರು ಮಂಕಾದ ಮೇಲೂ ದಾರಿ ಕೂಡುವ ಊರು, ಜನ ಸೇರುವ ಊರು ಉಳಿಯುತ್ತದೆ. ಕಂದಾಯ ಎತ್ತುವವನಿಗೆ ಬೇಕಾದ್ದು ಅಂಥ ಊರೇ. ಸಂತೆಯ ದಿನ ರೈತನ ಕೈಯಲ್ಲಿ ನಾಕು ಕಾಸು ಇರುತ್ತದಲ್ಲ.

ಈಗಿನ ಕಚೇರಿಗೆ ನಾಡಕಚೇರಿ ಅಂತ ಹೆಸರು. ಈ 'ನಾಡು' ನಿನ್ನೆ ಮೊನ್ನೆಯದಲ್ಲ. ಗಂಗರ, ಹೊಯ್ಸಳರ ಕಾಲದ ಶಾಸನಗಳಲ್ಲಿ ನಾಡು ಅಂದರೆ ಊರುಗಳ ಗುಂಪು, ಅದರ ಮೇಲೊಬ್ಬ ನಾಳ್ಗಾವುಂಡ. ಭೂಮಿ ದಾನ ಕೊಟ್ಟಾಗ ಎಲ್ಲೆ ಹೇಳುತ್ತಾರೆ: ಮೂಡಲಿಗೆ ಹುತ್ತ, ತೆಂಕಲಿಗೆ ಹುಣಸೆಮರ, ಪಡುವಲಿಗೆ ನಟ್ಟ ಕಲ್ಲು, ಬಡಗಲಿಗೆ ಹಳ್ಳ. ಕೊಟ್ಟವನ ಬಿರುದು ಇರುತ್ತದೆ, ಪಡೆದವನ ಗೋತ್ರ ಇರುತ್ತದೆ, ದಾನ ಕೆಡಿಸಿದವನು ಸತ್ತ ಮೇಲೆ ಯಾವ ಹುಳುವಾಗಿ ಹುಟ್ಟುತ್ತಾನೆ ಅನ್ನೋದೂ ಇರುತ್ತದೆ. ಆ ಹುತ್ತ, ಆ ಹುಣಸೆಮರ ಎಲ್ಲಿ ಅಂತ ಬಿಸಿಲಲ್ಲಿ ನಡೆದು ತೋರಿಸಿಕೊಟ್ಟವನು ಯಾರು? ನಾನು ಓದಿದ ಶಾಸನಗಳಲ್ಲಿ ಅವನ ಹೆಸರು ಸಿಕ್ಕಿಲ್ಲ.

ಆದರೆ ಅವನು ಯಾರಿರಬಹುದು ಅಂತ ಊಹಿಸೋಕೆ ದಾರಿ ಇದೆ. ಮೈಸೂರು ಸೀಮೆಯಲ್ಲಿ ಅಧಿಕಾರಿಯಾಗಿದ್ದ ಮೆಕೆಂಜಿ ಅನ್ನೋ ಇಂಗ್ಲಿಷಿನವನು 1873ರಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಹೊಲೆಯರ ಕುಳವಾಡಿಯ ಬಗ್ಗೆ ಬರೆದ. ಅವನು ಕಂಡ ಸಂಗತಿ ಇದು. ಎರಡು ಊರುಗಳಿಗೆ ಗಡಿ ತಕರಾರು ಬಂದರೆ ಪಟೇಲನ ಮಾತೂ ನಡೆಯೋದಿಲ್ಲ, ಶ್ಯಾನುಭೋಗನ ಮಾತೂ ನಡೆಯೋದಿಲ್ಲ. ಗಡಿ ಹೀಗೇ ಹಾಯ್ದು ಹೋಗುತ್ತೆ ಅಂತ ಪ್ರಮಾಣ ಮಾಡುವ ಹಕ್ಕು ಕುಳವಾಡಿ ಒಬ್ಬನದೇ. ಹಳೇ ಕಾಲದ ಪದ್ಧತಿಯಲ್ಲಿ ಅವನು ಊರ ಮಣ್ಣಿನ ಉಂಡೆ ಮಾಡಿ ತಲೆ ಮೇಲೆ ಹೊತ್ತು ಗಡಿಯುದ್ದಕ್ಕೂ ನಡೆಯಬೇಕು. ಸರಿಯಾಗಿ ನಡೆದರೆ ಉಂಡೆ ನಿಲ್ಲುತ್ತದೆ. ತಪ್ಪಿ ಪಕ್ಕದೂರ ನೆಲಕ್ಕೆ ಕಾಲಿಟ್ಟರೆ ಉಂಡೆ ತಾನಾಗೇ ಒಡೆದು, ಹದಿನೈದು ದಿನದೊಳಗೆ ಅವನು ಸತ್ತು, ಮನೆ ಹಾಳಾಗುತ್ತದೆ ಅಂತ ಜನರ ನಂಬಿಕೆ. ಎರಡೂ ಊರಿನ ಕುಳವಾಡಿಗಳು ಒಪ್ಪಿದರೆ ಉಳಿದವರು ಬಾಯಿ ಮುಚ್ಚಬೇಕು. ಊರಿನ ನಿಜವಾದ ಒಡೆಯ ಕುಳವಾಡಿಯೇ ಅಂತ ಎಲ್ಲ ಜಾತಿಯವರೂ ಒಪ್ಪುತ್ತಾರೆ ಅಂತಲೂ ಮೆಕೆಂಜಿ ಬರೆದಿದ್ದಾನೆ.

ಇದನ್ನು ಮೊದಲು ಓದಿದಾಗ ಹೆಮ್ಮೆಯಾಯ್ತು. ಆಮೇಲೆ ಹೊಟ್ಟೆ ಉರಿಯಿತು. ಊರಿನ ಒಡೆಯ ಅಂತೆ, ಆದರೆ ಊರೊಳಗೆ ಮನೆ ಇಲ್ಲ. ಗಡಿಯ ಸತ್ಯ ಅವನ ಬಾಯಲ್ಲಿ ಅಂತೆ, ಆದರೆ ಅದೇ ಬಾಯಿಗೆ ಬಾವಿಯ ನೀರಿಲ್ಲ. ಮಣ್ಣಿನ ಉಂಡೆ ತಲೆಯ ಮೇಲೆ, ಸಾವು ಬೆನ್ನ ಹಿಂದೆ. ಗೆದ್ದ ನೆಲ ಗೌಡನದು. ಇಂಥ 'ಒಡೆತನ'ವನ್ನು ಜನಪದದ ಸೊಗಸು ಅಂತ ಬರೆಯುವ ವಿದ್ವಾಂಸರು ಒಂದು ದಿನ ಆ ಉಂಡೆ ಹೊತ್ತು ನೋಡಲಿ.

ಆದರೂ ಒಂದು ಮಾತು ನಿಜ. ಆ ಕಾಲದಲ್ಲಿ ಭೂಮಿಯ ದಾಖಲೆ ಇದ್ದದ್ದು ಕುಳವಾಡಿಯ ಕಾಲಿನಲ್ಲಿ, ತಲೆಯಲ್ಲಿ. ಅದು ಅಲ್ಲಿಂದ ಕಾಗದಕ್ಕೆ ಹೋದ ದಾರಿ ತಿಳಿದರೆ ಹೋಬಳಿಯ ಚರಿತ್ರೆ ತಿಳಿಯುತ್ತದೆ.

ಮೈಸೂರು ಸಂಸ್ಥಾನದ ಏಣಿ ಹೀಗಿತ್ತು. ತಾಲ್ಲೂಕಿಗೆ ಅಮಲ್ದಾರ. ಅವನ ಕೆಳಗೆ ಹೋಬಳಿಗೊಬ್ಬ ಶೇಕ್‌ದಾರ. ಊರಿಗೆ ಪಟೇಲ, ಶ್ಯಾನುಭೋಗ. ಏಣಿಯ ಬುಡದಲ್ಲಿ, ಏಣಿ ಜಾರದ ಹಾಗೆ ಹಿಡಕೊಂಡು ನಿಂತವರು ತಳವಾರ, ತೋಟಿ, ನೀರಗಂಟಿ. 1831ರಲ್ಲಿ ಬ್ರಿಟಿಷರು ಆಡಳಿತ ಕೈಗೆ ತಗೊಂಡರು, 1881ರಲ್ಲಿ ಒಡೆಯರಿಗೆ ವಾಪಸ್ ಕೊಟ್ಟರು. ಮೇಲಿನ ಮೆಟ್ಟಿಲಲ್ಲಿ ಬಣ್ಣ ಬದಲಾಯ್ತು, ಬುಡ ಹಾಗೇ ಇತ್ತು. ಅದಕ್ಕೂ ಮುಂಚೆ, 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯಲ್ಲಿ ಮಾರ್ಕ್ ವಿಲ್ಕ್ಸ್ ಹಳ್ಳಿಯ ಹನ್ನೆರಡು ಆಯಗಾರರನ್ನು ಪಟ್ಟಿ ಮಾಡಿ, ಪ್ರತಿ ಹಳ್ಳಿಯೂ ಒಂದು ಪುಟ್ಟ ಗಣರಾಜ್ಯ ಅನ್ನೋ ಹಾಗೆ ವರ್ಣಿಸಿದ. ಅದನ್ನು ಓದಿ ನಮ್ಮ ದೇಶಭಕ್ತರು ಎಷ್ಟೋ ವರ್ಷ ಪುಳಕಗೊಂಡರು. ಆ ಹನ್ನೆರಡರಲ್ಲಿ ತೋಟಿಯೂ ಇದ್ದಾನೆ: ಬೆಳೆ ಕಾಯುವವನು, ರಾಶಿ ಅಳೆಯುವಾಗ ನೆರವಾಗುವವನು. ಆ ಗಣರಾಜ್ಯದ ಚಾವಡಿಗೆ ಅವನು ಹತ್ತಬಹುದಿತ್ತೇ ಅಂತ ಪುಳಕಗೊಂಡವರು ಕೇಳಲಿಲ್ಲ.

1863ರಿಂದ ಮೈಸೂರಿನಲ್ಲಿ ಹೊಸ ಕಂದಾಯ ಸರ್ವೆ ಶುರುವಾಯ್ತು. ಬೌರಿಂಗ್ ಕಮಿಷನರ್ ಆಗಿದ್ದ ಕಾಲ, ಬೊಂಬಾಯಿ ಪದ್ಧತಿ. ಮೂವತ್ತಮೂರು ಅಡಿಯ ಸರಪಳಿ. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಇಂದಿಗೂ ನಮ್ಮ ಜಗಳಗಳೆಲ್ಲ ಆ ಸರಪಳಿಯ ಲೆಕ್ಕದಲ್ಲೇ. ಹುಣಸೆಮರಕ್ಕೆ, ಹುತ್ತಕ್ಕೆ ಬದಲಾಗಿ ಪ್ರತಿ ಹೊಲಕ್ಕೂ ಒಂದು ನಂಬರು ಬಂತು, ಮೂಲೆಗೆ ಬಾಂದುಕಲ್ಲು ಬಂತು, ನಕ್ಷೆ ಬಂತು. ಸರ್ವೆಯವರು ಬಂದಾಗ ಊರ ಎಲ್ಲೆ ತೋರಿಸಿದವನು ಯಾರು, ಬಾಂದುಕಲ್ಲು ಹೊತ್ತು ಗುಂಡಿ ತೋಡಿ ನೆಟ್ಟವನು ಯಾರು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ತನ್ನ ತಲೆಯಲ್ಲಿದ್ದದ್ದನ್ನೆಲ್ಲ ಅವನು ಕೈಯಾರೆ ನೆಲಕ್ಕೆ ನೆಟ್ಟ. ನೆಟ್ಟ ಮೇಲೆ ಅವನ ಪ್ರಮಾಣ ಯಾರಿಗೆ ಬೇಕು? ಕಲ್ಲು ನೋಡಿದರೆ ಸಾಕು, ನಕ್ಷೆ ಬಿಚ್ಚಿದರೆ ಸಾಕು. ನಕ್ಷೆ ಬಿಚ್ಚುವವನು ಶ್ಯಾನುಭೋಗ. ನಕ್ಷೆ ಓದೋಕೆ ಅಕ್ಷರ ಬೇಕು. ಅಕ್ಷರ ನಮ್ಮ ಕೇರಿಗೆ ಬರೋಕೆ ಇನ್ನೂ ಮೂರು ತಲೆಮಾರು ಬೇಕಿತ್ತು.

ಸರ್ವೆ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಮಣ್ಣುಂಡೆಗೆ ಹೆದರಿ ಸಾಯೋದಕ್ಕಿಂತ ಕಲ್ಲು ವಾಸಿ. ನಾನು ಹೇಳೋದು, ಒಬ್ಬನ ತಿಳುವಳಿಕೆ ಇನ್ನೊಬ್ಬನ ದಫ್ತರವಾಗುವಾಗ ಮೊದಲಿನವನಿಗೆ ಏನು ಸಿಕ್ಕಿತು ಅನ್ನೋ ಲೆಕ್ಕ.

ಸಿಕ್ಕಿದ್ದು ಓಡಾಟ. ಹೋಬಳಿಯಿಂದ ಊರಿಗೆ ಹುಕುಂ, ಊರಿಂದ ಹೋಬಳಿಗೆ ಲೆಕ್ಕ. ಕಂದಾಯದ ದುಡ್ಡು ತಾಲ್ಲೂಕು ಖಜಾನೆಗೆ ಇರಸಾಲು ಹೋಗುವಾಗ ಕಾವಲು. ಅಮಲ್ದಾರರೋ ಶೇಕ್‌ದಾರರೋ ಊರಲ್ಲಿ ಕ್ಯಾಂಪು ಹಾಕಿದರೆ ಸೌದೆ, ಹುಲ್ಲು, ನೀರು ಕಾಯಿಸೋ ಒಲೆ. ಮೇಲಿನ ಕೇರಿಯಲ್ಲಿ ಯಾರಾದರೂ ಸತ್ತರೆ ಹತ್ತೂರಿನ ನೆಂಟರಿಗೆ ಸುದ್ದಿ. ನಮ್ಮ ತಾತ ತೋಟಿ ಕೆಲಸ ಮಾಡಿದವರು. 'ಹೆಸರು ಹಿಡಿದು ಕರೆದೋರೇ ಇಲ್ಲ ಕನಾ ಮಗ, ಏಯ್ ತೋಟಿ ಅನ್ನೋರು, ಬುದ್ದೀ ಅಂತ ಓಡಾದು' ಅನ್ನೋರು. ತೋಟಿ ಅಂದರೆ ಒಬ್ಬನ ಚಾಕರಿಯಲ್ಲ. ತಾತನ ಹೆಸರಲ್ಲಿ ಅಜ್ಜಿ ಕ್ಯಾಂಪಿನ ಅಂಗಳ ಗುಡಿಸುತ್ತಿದ್ದಳು, ಹುಡುಗರು ಹುಲ್ಲು ತರುತ್ತಿದ್ದರು. ಸರ್ಕಾರದ ಪುಸ್ತಕದಲ್ಲಿ ಒಂದೇ ಹೆಸರು, ದುಡಿಮೆ ಮನೆಮಂದಿಯದು.

ಇದಕ್ಕೆ ಕೂಲಿ? ಎರಡು ತರ. ಒಂದು ಆಯ. ಸುಗ್ಗಿಯಲ್ಲಿ ಕಣದ ಆಚೆ ನಿಂತು ಚೌಕ ಹಾಸಿದರೆ ಬೀಳುವ ಕಾಳು. ಅಷ್ಟೇ ಕೊಡಬೇಕೆಂಬ ಕಟ್ಟಳೆ ಇದ್ದರೂ ಅಳೆಯುವ ಕೈ ರೈತನದು. ಇನ್ನೊಂದು ಇನಾಂತಿ ಜಮೀನು. ಎಕರೆಯೋ ಅರ್ಧ ಎಕರೆಯೋ, ಬಹುಪಾಲು ಊರಾಚೆಯ ಕಲ್ಲು ನೆಲ. ಆದರೂ ಭೂಮಿ ಭೂಮಿಯೇ. ಹಳೇ ಮೈಸೂರಿನ ಎಷ್ಟೋ ಹೊಲಗೇರಿಗಳಲ್ಲಿ ಇದ್ದ ಒಂದೇ ಒಂದು ತುಂಡು ಸ್ವಂತ ನೆಲ ಈ ಚಾಕರಿ ಇನಾಂತಿ. 1908ರ ಮೈಸೂರು ಗ್ರಾಮಾಧಿಕಾರಗಳ ಕಾಯ್ದೆ ಇದನ್ನೆಲ್ಲ ಕಾನೂನಿನ ಕಟ್ಟಿಗೆ ಹಾಕಿತು. ಪಟೇಲನ ಮಗ ಪಟೇಲ, ತೋಟಿಯ ಮಗ ತೋಟಿ. ಮನುಧರ್ಮಕ್ಕೆ ಸರ್ಕಾರಿ ಮೊಹರು.

ಈ ಜಮೀನೇ ಬೇಡಿ ಅಂತ ಮೊದಲು ಗುರುತಿಸಿದವರು ಬಾಬಾಸಾಹೇಬರು. ಬೊಂಬಾಯಿ ಪ್ರಾಂತ್ಯದಲ್ಲಿ 1874ರ ವತನ್ ಕಾಯ್ದೆ ಇತ್ತು. ಆಗ ಬೆಳಗಾವಿ, ಧಾರವಾಡ, ಬಿಜಾಪುರ ಎಲ್ಲ ಅದರ ಕೆಳಗೇ. ಮಹಾರರು ಪುಡಿ ಭೂಮಿಗಾಗಿ, ಕಾಳಿಗಾಗಿ ಹಗಲೂ ರಾತ್ರಿ ಸರ್ಕಾರಿ ಬಿಟ್ಟಿ ದುಡಿಯುವುದನ್ನು ನಿಲ್ಲಿಸಬೇಕೆಂದು ಅಂಬೇಡ್ಕರ್ 1928ರಲ್ಲಿ ಬೊಂಬಾಯಿ ಶಾಸನ ಸಭೆಯಲ್ಲಿ ತಿದ್ದುಪಡಿ ಮಸೂದೆ ತಂದರು. ಅದು ಕಾಯ್ದೆಯಾಗಲಿಲ್ಲ. ಅವರ ವಾದ ಮಾತ್ರ ಇವತ್ತಿಗೂ ಚುಚ್ಚುತ್ತದೆ: ಈ ವತನ್ ಇರುವ ತನಕ ನಮ್ಮವನು ಊರು ಬಿಡಲಾರ, ತಲೆ ಎತ್ತಲಾರ.

ಮೈಸೂರಿನಲ್ಲಿ ಬೇಡಿ ಕಳಚಿದ್ದು 1963ರ ಫೆಬ್ರವರಿ 1ಕ್ಕೆ, ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ಜಾರಿಗೆ ಬಂದಾಗ. ಕಾಯ್ದೆ 1961ರದು. ಅದಕ್ಕೆ ಸ್ವಲ್ಪ ಮುಂಚೆ, 1960ರ ಡಿಸೆಂಬರಿನಲ್ಲಿ, ವಂಶದ ಹಕ್ಕಿನಿಂದ ಗ್ರಾಮಾಧಿಕಾರ ಕೊಡೋದು ಸಂವಿಧಾನದ 16ನೇ ವಿಧಿಗೆ ವಿರುದ್ಧ ಅಂತ ಆಂಧ್ರದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ನಮ್ಮ ಕಾಯ್ದೆಯಲ್ಲಿ ಪಟೇಲ, ಶ್ಯಾನುಭೋಗ, ತೋಟಿ, ತಳವಾರ ಎಲ್ಲರ ಹುದ್ದೆಯೂ ಒಟ್ಟಿಗೆ ರದ್ದು. ಹುದ್ದೆ ಕಳಕೊಂಡ ವಂಶಪಾರಂಪರ್ಯದ ಗ್ರಾಮಾಧಿಕಾರಿಗಳು ಸುಪ್ರೀಂ ಕೋರ್ಟಿನ ತನಕ ಹೋದರು. 1966ರಲ್ಲಿ ಸೋತರು. ಸೋತರೂ ಅವರ ಮನೆಯಲ್ಲಿ ಅಕ್ಷರ ಇತ್ತು, ಮಕ್ಕಳು ಕಾಲೇಜಿನಲ್ಲಿದ್ದರು. ತೋಟಿಗೆ ಉಳಿದದ್ದು ಆ ತುಂಡು ನೆಲ. ಕಾಯ್ದೆಯ ಪ್ರಕಾರ ಇನಾಂತಿ ಜಮೀನು ಒಮ್ಮೆ ಸರ್ಕಾರಕ್ಕೆ ಸೇರಿ, ದುಡ್ಡು ಕಟ್ಟಿಸಿಕೊಂಡು, ಹಳೇ ಉದ್ಯೋಗದಾರನಿಗೇ ಮರುಮಂಜೂರಾಗಬೇಕು. ಅರ್ಜಿ ಹಾಕಬೇಕು, ಹಣ ಕಟ್ಟಬೇಕು, ಆದೇಶ ತಗೋಬೇಕು. ಅದೇ ಹೋಬಳಿ, ಅದೇ ತಾಲ್ಲೂಕು ಕಚೇರಿ. ಬಾಗಿಲಲ್ಲಿ ನಿಂತವನು ಇವತ್ತು ಒಳಗೆ ಬಂದು ಅರ್ಜಿ ಬರೆಯಬೇಕು! ಯಾರು ಬರೆದುಕೊಟ್ಟರು? ಕೆಲವು ಕಡೆ ಒಳ್ಳೇ ಮೇಷ್ಟ್ರುಗಳು ಬರೆದುಕೊಟ್ಟಿದ್ದಾರೆ, ಅವರನ್ನು ನೆನೆಯಬೇಕು. ಅಂಥವರಿಲ್ಲದ ಕಡೆ ಅರ್ಜಿ ಬರೆಯೋದು, ಸಾಲ ಕೊಡೋದು, ಹೊಲ ಬರೆಸಿಕೊಳ್ಳೋದು ಒಂದೇ ಜಗುಲಿಯ ಮೇಲೆ ಆದವು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಕಾನೂನು ನಮ್ಮವರಿಗೆ ಕಾಣದ ಹಾಗೆ ತಿರುಗಿರುವುದು ಇಲ್ಲೇ.

ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ. ಅದು ಗೇಣಿದಾರನಿಗೆ ಭೂಮಿ ಕೊಟ್ಟಿತು, ದೊಡ್ಡ ಕೆಲಸವೇ. ಆದರೆ ಗೇಣಿದಾರ ಅಂತ ತೋರಿಸೋಕೆ ಪಹಣಿಯಲ್ಲಿ ಹೆಸರಿದ್ದರೆ ಸಲೀಸು. ನಮ್ಮವರಲ್ಲಿ ಬಹಳ ಜನ ಗೇಣಿದಾರರೇ ಅಲ್ಲ, ಕೂಲಿಗಳು, ಜೀತದಾಳುಗಳು. ಅವರ ಹೆಸರು ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೆ? ಆಮೇಲೆ ಬಂತು 1978ರ ಕಾಯ್ದೆ, ನಾವು ಪಿ.ಟಿ.ಸಿ.ಎಲ್. ಅಂತ ಕರೆಯುವುದು, ಜಾರಿ 1979ರ ಜನವರಿ 1ರಿಂದ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಷರತ್ತು ಮುರಿದು ಕೊಂಡಿದ್ದರೆ ಆ ಕ್ರಯ ರದ್ದು, ಭೂಮಿ ವಾಪಸ್. ಮೇಲ್ಜಾತಿಯವರು ಇದನ್ನೂ ಕೋರ್ಟಿಗೆ ಎಳೆದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿ ಹಿಡಿಯಿತು. 2017ರಲ್ಲಿ ಅದೇ ಕೋರ್ಟು, ತುಂಬ ತಡವಾಗಿ ಬಂದ ಅರ್ಜಿ ನಡೆಯದು ಅಂತ ಇನ್ನೊಂದು ಪ್ರಕರಣದಲ್ಲಿ ಹೇಳಿದ ಮೇಲೆ ಎಷ್ಟೋ ಕುಟುಂಬಗಳು ಗೆದ್ದ ಭೂಮಿ ಸೋತವು. ಹೋರಾಟಗಾರರು ಬೆಂಗಳೂರಿನಲ್ಲಿ ಹಗಲು ರಾತ್ರಿ ಕೂತರು. 2023ರಲ್ಲಿ, ಕಾಲಮಿತಿ ಅನ್ವಯಿಸದು ಅಂತ ತಿದ್ದುಪಡಿ ಬಂತು.

ಇಷ್ಟೆಲ್ಲ ಸರಿ. ಈಗ ಆ ಕಾಯ್ದೆಯ ಮೂರನೇ ಕಲಮನ್ನು ತೆಗೆದು ಓದಿ. 'ಮಂಜೂರಾದ ಭೂಮಿ' ಅಂದರೆ ಯಾವುದು ಅನ್ನೋ ಜಾಗದಲ್ಲಿ, ಇನಾಂ ರದ್ದಿಯಾತಿ ಕಾನೂನುಗಳಲ್ಲಿ ಸಿಕ್ಕ ಭೂಮಿಯೂ ಸೇರುತ್ತೆ ಅಂತ ಹೇಳಿ, ಪಕ್ಕದಲ್ಲೇ ಒಂದು ಕತ್ತರಿ ಇಟ್ಟಿದ್ದಾರೆ: ವಂಶಪಾರಂಪರ್ಯ ಹುದ್ದೆಗಳಿಗೆ, ಹಕ್ಕುಗಳಿಗೆ ಸಂಬಂಧಪಟ್ಟದ್ದನ್ನು ಬಿಟ್ಟು. ಅಂದರೆ ತೋಟಿ ಇನಾಂತಿ, ತಳವಾರಿಕೆ ಇನಾಂತಿ, ನೀರಗಂಟಿ ಇನಾಂತಿ ಎಲ್ಲ ಹೊರಗೆ. ಸರ್ಕಾರ ದರಖಾಸ್ತಿನಲ್ಲಿ ಕೊಟ್ಟ ಭೂಮಿಗೆ ಬೇಲಿ ಇದೆ. ನೂರಾರು ವರ್ಷ ಬಿಟ್ಟಿ ನಡೆದು ಸವೆದ ಕಾಲಿನ ಭೂಮಿಗೆ ಆ ಬೇಲಿ ಇಲ್ಲ. ಈ ಜಮೀನಿಗೆ ಇದ್ದದ್ದು ಬೇರೆ ಕಟ್ಟು: ರದ್ದಿಯಾತಿ ಕಾಯ್ದೆಗೆ 1978ರಲ್ಲಿ ಆದ ತಿದ್ದುಪಡಿ, ಹದಿನೈದು ವರ್ಷ ಪರಭಾರೆ ಮಾಡಬಾರದು ಅಂತ. ಆ ಹದಿನೈದು ವರ್ಷ 1993ರ ಆಗಸ್ಟಿಗೆ ಮುಗಿಯಿತು. ಬೇಲಿ ಕಿತ್ತ ಮೇಲೆ ಹೊಲ ಏನಾಗುತ್ತೆ ಅಂತ ದನ ಕಾಯುವ ಹುಡುಗನಿಗೂ ಗೊತ್ತು. ಬರ ಬಂತು, ಮದುವೆ ಬಂತು, ಆಸ್ಪತ್ರೆ ಬಂತು, ಹೊಲ ಹೋಯ್ತು.

ಆ ಕತ್ತರಿಗೆ ಒಂದು ಕಾರಣ ಕಾಣುತ್ತದೆ. ಪಟೇಲನ, ಶ್ಯಾನುಭೋಗನ ಭೂಮಿಯನ್ನೂ ತೋಟಿಯ ಭೂಮಿಯನ್ನೂ ಒಂದೇ ಕಾಯ್ದೆ 'ಗ್ರಾಮಾಧಿಕಾರ' ಅಂತ ಒಂದೇ ಕಟ್ಟಿನಲ್ಲಿ ಕಟ್ಟಿತ್ತು. ಅಧಿಕಾರವಂತೆ! ಸೌದೆ ಹೊರುವುದೂ ಅಧಿಕಾರ, ಹೆಣದ ಸುದ್ದಿ ಒಯ್ಯುವುದೂ ಅಧಿಕಾರ. ಹೆಸರಿನಲ್ಲಿ ಮಾತ್ರ ಸಿಕ್ಕ ಸಮಾನತೆ ನಮಗೆ ಬಹಳ ದುಬಾರಿ ಬಿತ್ತು.

ಹೋಬಳಿಯನ್ನು ನಮ್ಮ ಕಡೆಗೆ ತಿರುಗಿಸಿದ ಒಂದು ಗಳಿಗೆಯನ್ನೂ ಹೇಳಲೇಬೇಕು. ದಲಿತ ಸಂಘರ್ಷ ಸಮಿತಿ ಎಂಬತ್ತರ ದಶಕದಲ್ಲಿ ಊರೂರಲ್ಲಿ ಕೂಗಿದ ಕೂಗು ನಿಮಗೆ ನೆನಪಿರಬೇಕು: ಹೆಂಡ ಬೇಡ, ಹೋಬಳಿಗೊಂದು ವಸತಿ ಶಾಲೆ ಬೇಕು. ಜಿಲ್ಲೆಗೊಂದು ಅನ್ನಲಿಲ್ಲ, ತಾಲ್ಲೂಕಿಗೊಂದು ಅನ್ನಲಿಲ್ಲ. ಹೋಬಳಿ ಅಂದರು. ಅದು ನಡೆದು ಹೋಗಬಹುದಾದ ದೂರ, ಅಪ್ಪ ಅವ್ವ ಭಾನುವಾರ ಬುತ್ತಿ ತರಬಹುದಾದ ದೂರ. ಕಂದಾಯಕ್ಕೆ, ಹುಕುಂಗೆ, ಪೊಲೀಸು ಠಾಣೆಗೆ ಬರುತ್ತಿದ್ದ ದಾರಿಯಲ್ಲೇ ಅಕ್ಷರವೂ ಬರಲಿ ಅಂತ ಕೇಳಿದರು. 1999ರಲ್ಲಿ ಶುರುವಾದ ವಸತಿ ಶಿಕ್ಷಣ ಸಂಸ್ಥೆಗಳ ಸಂಘದ ಕೆಳಗೆ ಇವತ್ತು ಎಂಟುನೂರಕ್ಕೂ ಹೆಚ್ಚು ಶಾಲೆಗಳಿವೆ. ಮೊರಾರ್ಜಿ, ಅಂಬೇಡ್ಕರ್, ಚೆನ್ನಮ್ಮ ಅಂತ ಹೆಸರುಗಳು. ಬೀದಿಯಲ್ಲಿ ಕೂಗಿದವರ ಹೆಸರು ಯಾವ 'ಉದ್ಘಾಟನಾ ಶಿಲೆ'ಯ ಮೇಲೂ ನಾನು ಕಂಡಿಲ್ಲ.

ಸಂತೇಮರಹಳ್ಳಿಗೆ ಮತ್ತೆ ಬರೋಣ. ಈ ಹೋಬಳಿ ಊರಿನ ಹೆಸರಲ್ಲೇ ಒಂದು ವಿಧಾನಸಭಾ ಕ್ಷೇತ್ರ ಇತ್ತು, ಪರಿಶಿಷ್ಟ ಜಾತಿಗೆ ಮೀಸಲು. ಈ ಸೀಮೆಯ ಆಲೂರಿನಲ್ಲಿ ಹುಟ್ಟಿದ ಬಿ. ರಾಚಯ್ಯನವರು ಮಂತ್ರಿಯಾದರು, 1990ರಿಂದ 1995ರ ತನಕ ಕೇರಳದ ರಾಜ್ಯಪಾಲರಾಗಿದ್ದರು. 2004ರ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟು. ಪತ್ರಿಕೆಗಳು ಇದನ್ನು ಚಮತ್ಕಾರದ ಸುದ್ದಿ ಮಾಡಿದವು, ಈಗಲೂ ಪ್ರತಿ ಚುನಾವಣೆಗೆ ಮಾಡುತ್ತವೆ. ನನಗೆ ಅದರಲ್ಲಿ ಕಾಣೋದು ಬೇರೆ. ಕಣದ ಆಚೆ ನಿಂತು ಎಷ್ಟು ಬಿದ್ದರೆ ಅಷ್ಟು ಹಿಡಕೊಂಡು ಬರುತ್ತಿದ್ದವರ ಕೇರಿಯಲ್ಲಿ, ಅಳತೆ ಒಂದರ ತನಕ ಇಳಿದು, ಎಲ್ಲರೂ ಎಣಿಸಬೇಕಾಯಿತು. ಕ್ಷೇತ್ರ ಪುನರ್ವಿಂಗಡಣೆಯಾದ ಮೇಲೆ, 2008ರಿಂದ ಆ ಹೆಸರಿನ ಕ್ಷೇತ್ರವೇ ಇಲ್ಲ. ಹೋಬಳಿ ಇದೆ.

ಹೆಸರುಗಳೂ ಬದಲಾಗಿವೆ. ಶೇಕ್‌ದಾರ ಹೋಗಿ ರೆವಿನ್ಯೂ ಇನ್ಸ್‌ಪೆಕ್ಟರ್, ಶ್ಯಾನುಭೋಗ ಹೋಗಿ ವಿಲೇಜ್ ಅಕೌಂಟೆಂಟ್, ಅದೂ ಹೋಗಿ ಈಗ ಗ್ರಾಮ ಆಡಳಿತಾಧಿಕಾರಿ. ಪರೀಕ್ಷೆ ಬರೆದು ಆ ಕುರ್ಚಿಯಲ್ಲಿ ನಮ್ಮ ಹುಡುಗ ಹುಡುಗಿಯರೂ ಕೂತಿದ್ದಾರೆ, ಇದು ಸಣ್ಣ ಮಾತಲ್ಲ. ತೋಟಿ ಹೋಗಿ ಗ್ರಾಮ ಸಹಾಯಕ. ರಾಜ್ಯದಲ್ಲಿ ಸುಮಾರು ಹತ್ತು ಸಾವಿರ ಜನ, ಕೆಲಸ ಹಳೇದೇ, ಸಂಬಳ ಅನ್ನೋಲ್ಲ, ಗೌರವಧನ ಅಂತಾರೆ. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಕೈಬರಹದ ಪಹಣಿ ಕಂಪ್ಯೂಟರಿಗೆ ಹೋಯಿತು. ಲಂಚ ಕಡಿಮೆಯಾಯ್ತು ಅಂತ ಹೊರದೇಶದವರೂ ಬಂದು ಹೊಗಳಿದರು. ಆದರೆ ಯಂತ್ರಕ್ಕೆ ತುಂಬಿದ್ದು ಹಳೇ ಪುಸ್ತಕದಲ್ಲಿ ಇದ್ದದ್ದನ್ನೇ. ಶ್ಯಾನುಭೋಗನ ಪೆನ್ನು ಬಿಟ್ಟುಹೋದ ಹೆಸರನ್ನು ಕಂಪ್ಯೂಟರು ಹುಡುಕಿಕೊಡೋದಿಲ್ಲ.

ಮತ್ತೆ ಜಾತಿ ಪತ್ರ. ಇಡೀ ಊರಿನ ಗಡಿಗೆ ಸಾಕ್ಷಿ ಹೇಳುತ್ತಿದ್ದ ಕುಳವಾಡಿಯ ಮೊಮ್ಮಗ, ತಾನು ಯಾರು ಅನ್ನೋದಕ್ಕೆ ಇನ್ನೊಬ್ಬರ ವರದಿ ತರಬೇಕು. ಊರವರೆಲ್ಲ ದಿನಾ ಬೆಳಗೆದ್ದು ನೆನಪಿಸುವ ಜಾತಿ, ಕಚೇರಿಗೆ ಮಾತ್ರ ಪುರಾವೆ ಇಲ್ಲದೆ ಗೊತ್ತಾಗೋದಿಲ್ಲ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ಕಾಲೇಜಿನ ಗೆಳೆಯರಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮೂರಿನ ತೋಟಿ ಇನಾಂತಿ, ತಳವಾರಿಕೆ ಇನಾಂತಿಯ ಸರ್ವೆ ನಂಬರು ಯಾವುದು? ಕೇರಿಯ ಮುದುಕರನ್ನು ಕೇಳಿ. ನಂಬರು ಗೊತ್ತಿಲ್ಲದಿದ್ದರೂ ಹೊಲ ತೋರಿಸುತ್ತಾರೆ, ಕಾಲು ಮರೆತಿರೋಲ್ಲ. ಆಮೇಲೆ ತಾಲ್ಲೂಕು ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಹತ್ತು ರೂಪಾಯಿ ಶುಲ್ಕ. ಆಕಾರ್‌ಬಂದ್, ಇನಾಂತಿ ರಿಜಿಸ್ಟರು, ಕೈಬರಹದ ಹಳೇ ಪಹಣಿ, ಮರುಮಂಜೂರಾತಿ ಆದೇಶ, ಮ್ಯುಟೇಶನ್, ಇಷ್ಟರ ನಕಲು ಕೇಳಿ. 1963ರ ಫೆಬ್ರವರಿ 1ರಂದು ಆ ಹೊಲ ಯಾರ ಹೆಸರಲ್ಲಿತ್ತು, ಮರುಮಂಜೂರು ಯಾರಿಗಾಯ್ತು, ಅವರ ಕೈಯಿಂದ ಯಾವ ತಾರೀಕಿಗೆ ಹೋಯ್ತು. ತಾರೀಕನ್ನು ಸರಿಯಾಗಿ ಬರೆದುಕೊಳ್ಳಿ. 1978ರ ಆಗಸ್ಟಿನಿಂದ 1993ರ ಆಗಸ್ಟಿನೊಳಗೆ ಆದ ಕ್ರಯವೋ, ಆಚೆಗೋ ಅನ್ನೋದರ ಮೇಲೆ ಕೇಸೇ ಬೇರೆಯಾಗುತ್ತದೆ.